ಮಾಗಿಯ ಮುಂಜಾವಿನ ಸಪ್ಪಳ

ನಮ್ಮ ಮಮದಾಪುರದ ಬಿಸಿಲಿನ ಮಾತನ್ನು ಎಲ್ಲರೂ ಆಡುತ್ತಾರೆ. ಮಾಗಿಯ ಚಳಿಯನ್ನು ನೆನೆಯುವವರು ಕಡಿಮೆ. ಮಹಮ್ಮದ್ ಆದಿಲ್ ಶಾಹನ ಕಾಲದ ಕೆರೆಯ ಮೇಲಿನಿಂದ ಬೀಸುವ ಡಿಸೆಂಬರಿನ ಗಾಳಿಗೆ ಮುಂಜಾನೆ ಬೆರಳು ಸೆಟೆಯುತ್ತವೆ. ಅಂಥ ಹೊತ್ತಿನಲ್ಲಿ, ನಿವೃತ್ತಿಯ ಹಣದಿಂದ ಕೊಂಡ ನನ್ನ ಹಳೆಯ ಡೀಸೆಲ್ ಜೀಪು ಚಾಲೂ ಆದೊಡನೆ ಟಕಟಕನೆ ಬಡಿದುಕೊಳ್ಳುತ್ತಿತ್ತು.

ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಕಾರಣ ಹೇಳುವುದು ಕಷ್ಟವೇ? ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಿ ಕಾಯಿಸಿದ ಗಾಳಿಯೇ ಇಂಧನವನ್ನು ಹೊತ್ತಿಸಬೇಕು. ಲೋಹ ತಣ್ಣಗಿದ್ದರೆ ಹೊತ್ತುವುದು ತಡವಾಗುತ್ತದೆ. ಅಷ್ಟರಲ್ಲಿ ಸೇರಿಕೊಂಡ ಡೀಸೆಲ್ ಒಮ್ಮೆಗೇ ಉರಿದು ಬಡಿತ ಹುಟ್ಟುತ್ತದೆ. ತಣ್ಣಗಿನ ಪಿಸ್ಟನ್ನು ಹಿಗ್ಗಿರುವುದಿಲ್ಲವಾದ್ದರಿಂದ ಸಿಲಿಂಡರಿನೊಳಗೆ ತುಸು ಅಲುಗಾಡಿ ತಾನೂ ಸಪ್ಪಳ ಮಾಡುತ್ತದೆ. ಎಂಜಿನ್ ಕಾದರೆ ಎರಡೂ ಅಡಗುತ್ತವೆ. ಮನೆಯವರಿಗೆ ಇದನ್ನೆಲ್ಲ ವಿವರಿಸಿ ನಿಶ್ಚಿಂತನಾದೆ. ಆಯಿಲ್ ಕಡ್ಡಿಯನ್ನು ಮಾತ್ರ ಎಳೆದು ನೋಡಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ದಾರಿಯ ಏರಿನಲ್ಲಿಯೂ ಸಪ್ಪಳ ಕೇಳತೊಡಗಿತು. ಮನೆಯಾಕೆ ಎರಡು ಸಲ ಹೇಳಿದಳು. “ಚಳಿ,” ಎಂದೆ. ಮೂರನೆಯ ಸಲ ಆಕೆ ಹೇಳಲಿಲ್ಲ.

ಕೊನೆಗೆ ಜೀಪನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಒಯ್ದೆ.

“ಚಾಲೂ ಮಾಡಿದ ಮ್ಯಾಲ ಎಷ್ಟೊತ್ತು ಬಡೀತೈತ್ರಿ, ಸರ?”

“ಸ್ವಲ್ಪ ಹೊತ್ತು.”

“ಸ್ವಲ್ಪ ಅಂದ್ರ ಎಷ್ಟು ನಿಮಿಷ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಕೆಳಭಾಗಕ್ಕೆ ಊರಿ ಹಿಡಿಕೆಗೆ ಕಿವಿಯಿಟ್ಟ. ಬಳಿಕ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಬಿಗಿದ. ಮೂರನೆಯದರ ಸರದಿಯಲ್ಲಿ ಸಪ್ಪಳ ತಗ್ಗಿತು.

“ಕಾದ ಮ್ಯಾಲೂ ಬಡಿಯೂದು ಥಂಡಿ ಸಪ್ಪಳ ಅಲ್ರಿ. ಇದು ಬೇರಿಂಗು. ಆಯಿಲ್ ಭಾಳ ಕಡಿಮಿ ಐತಿ. ಇನ್ನೆಂಟು ದಿನ ಓಡಿಸಿದ್ರ ಕ್ರ್ಯಾಂಕ್ ಹೋಗ್ತಿತ್ತು.”

ಬೇರಿಂಗಿನ ತಗಡು ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಅದನ್ನು ನನ್ನ ಅಂಗೈಯಲ್ಲಿಟ್ಟು ನಗುತ್ತ ಅಂದ: “ಪ್ರಯೋಗದ ವಹಿಯೊಳಗ ವ್ಯಾಳೆ ಬರೀಲಿಲ್ಲಂತ ನನ್ನ ಒಮ್ಮೆ ಹೊರಗ ನಿಲ್ಲಿಸಿದ್ರಿ, ಸರ.”

ಅವನು ಹಾಗೆ ನಿಂತದ್ದು ನನಗೆ ನೆನಪೇ ಇರಲಿಲ್ಲ.

ಈಗ ಜೀಪಿನಲ್ಲಿ ಒಂದು ಸಣ್ಣ ವಹಿ ಇದೆ. ಈ ಬೆಳಗಿನ ದಾಖಲೆ: ಆಯಿಲ್ ಸರಿ, ಚಾಲೂ 6-10, ಸಪ್ಪಳ ನಿಂತದ್ದು 6-12.