ನಮ್ಮ ದಾರಿಗೆ ರ‍್ಯಾಲಿ ಏಕೆ ಬರಲಿಲ್ಲ?

"ಸರ್, ಚಿಕ್ಕಮಗಳೂರಿಗೆ ಬಂದ ಕಾರಿನ ರ‍್ಯಾಲಿ ನಮ್ಮ ಕಡೆ ಯಾಕ ಬರಲಿಲ್ರಿ?" ಎಂದು ಬೆಂಗಳೂರಿನಲ್ಲಿರುವ ರಾಮಸಮುದ್ರದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ. ಭೂಗೋಳ ಕಲಿಸಿದವನಿಗೆ ಇಂಥ ಪ್ರಶ್ನೆ ಬಂದರೆ ಸುಮ್ಮನಿರಲಾಗದು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು 2016 ಮತ್ತು 2017ರಲ್ಲಿ ಚಿಕ್ಕಮಗಳೂರಿನಲ್ಲಿ ನಡೆಯಿತು. ಆ ಎರಡೂ ವರ್ಷ ನಮ್ಮ ದೇಶದ ಗೌರವ್ ಗಿಲ್ ಅವರೇ ಚಾಂಪಿಯನ್ ಆದರು. ರ‍್ಯಾಲಿಯಲ್ಲಿ ಕಾರುಗಳು ಸಾಲುಗಟ್ಟಿ ಓಡುವುದಿಲ್ಲ. ಒಂದೊಂದಾಗಿ ಬಿಡುತ್ತಾರೆ, ಗಡಿಯಾರದೊಡನೆ ಸ್ಪರ್ಧೆ. ವೇಗದ ಓಟ ನಡೆಯುವ ಭಾಗಕ್ಕೆ 'ಸ್ಪೆಷಲ್ ಸ್ಟೇಜ್' ಎಂದು ಹೆಸರು. ಆ ಹೊತ್ತಿನಲ್ಲಿ ಅಲ್ಲಿ ಬೇರೆ ಯಾರೂ ಸುಳಿಯಕೂಡದು. ಆದ್ದರಿಂದ ಸ್ಥಳ ಆರಿಸುವವರು ನೋಡುವುದು ದಾರಿಯ ಚೆಲುವನ್ನಷ್ಟೇ ಅಲ್ಲ, ಅದನ್ನು ಮುಚ್ಚಲು ಬರುತ್ತದೆಯೇ ಎಂಬುದನ್ನು. ಕಾಫಿ ತೋಟದೊಳಗಿನ ಮಣ್ಣಿನ ದಾರಿಗೆ ತಿರುವುಗಳೂ ಉಂಟು, ಗೇಟೂ ಉಂಟು, ಒಬ್ಬ ಯಜಮಾನನೂ ಉಂಟು. ಅವನು ಒಪ್ಪಿದರೆ ಮುಗಿಯಿತು.

ನಮ್ಮಲ್ಲಿ ಯಾರನ್ನು ಕೇಳುವುದು? ಎರೆಮಣ್ಣು ಮಳೆಗೆ ಗಾಲಿಗೆ ಮೆತ್ತುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಿರಲಿ, ಅಂಥ ನೆಲವನ್ನು ಇಷ್ಟಪಡುವ ಚಾಲಕರೂ ಇದ್ದಾರು. ಆದರೆ ನಮ್ಮ ಹೊಲದ ದಾರಿ ಎಲ್ಲರದು. ಕುರಿ ಹಿಂಡು, ಶಾಲೆಗೆ ನಡೆಯುವ ಮಕ್ಕಳು, ಬಂಡಿ, ಟ್ರ್ಯಾಕ್ಟರ್ ಎಲ್ಲವೂ ಅದರಲ್ಲೇ. 2017ರ ರ‍್ಯಾಲಿ ನಡೆದದ್ದು ನವೆಂಬರಿನಲ್ಲಿ. ನಮಗೆ ಅದು ಹತ್ತಿ ಬಿಡಿಸುವ ಕಾಲ.

ಕೀನ್ಯಾದ ಸಫಾರಿ ರ‍್ಯಾಲಿಯ ಕಥೆ ಕೇಳಿರಿ. 1953ರಲ್ಲಿ ಆರಂಭವಾದ ಅದು ಎಷ್ಟೋ ವರ್ಷ ಜನ ಓಡಾಡುವ ತೆರೆದ ರಸ್ತೆಗಳಲ್ಲೇ ನಡೆಯಿತು. ಮುಂದೆ ದನಗಳಿವೆಯೆಂದು ಎಚ್ಚರಿಸಲು ತಂಡಗಳು ಹೆಲಿಕಾಪ್ಟರ್ ಹಾರಿಸುತ್ತಿದ್ದವು! 2002ರ ಬಳಿಕ ವಿಶ್ವ ಚಾಂಪಿಯನ್‌ಷಿಪ್ಪಿನ ಪಟ್ಟಿಯಿಂದ ಹೊರಬಿದ್ದು 2021ರಲ್ಲಿ ಮರಳಿತು. ಈ ಸಲ ನೈವಾಶಾ ಸರೋವರದ ಸುತ್ತಣ ಮುಚ್ಚಿದ ದಾರಿಗಳಲ್ಲಿ. ಅಲ್ಲಿಯೂ ಕೊನೆಗೆ ತೋಟದ ನ್ಯಾಯವೇ ಗೆದ್ದಿತು.

ಆದರೆ ಸ್ಥಳವೂ ಆರಿಸುತ್ತದೆ ಎಂಬುದನ್ನು ಕಲಿಸಿದ್ದು ಡಾಕರ್ ರ‍್ಯಾಲಿ. ಅದು ವಿಶ್ವ ಚಾಂಪಿಯನ್‌ಷಿಪ್ಪಿಗಿಂತ ಬೇರೆ ಬಗೆಯದು, ದಿನಗಟ್ಟಲೆ ಮರುಭೂಮಿ ದಾಟುವ ಓಟ. ಡಾಕರ್ ಸೆನೆಗಲ್ ದೇಶದ ರಾಜಧಾನಿ. ನಕಾಶೆ ತೆರೆದು ನೋಡಿರಿ. ಮಾರಿಟೇನಿಯಾದಲ್ಲಿ ಭದ್ರತೆಯ ಭಯದಿಂದ 2008ರ ಓಟ ರದ್ದಾಗಿ, 2009ರಿಂದ ಅದು ದಕ್ಷಿಣ ಅಮೆರಿಕಕ್ಕೂ 2020ರಿಂದ ಸೌದಿ ಅರೇಬಿಯಾಕ್ಕೂ ಹೋಯಿತು. ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ, ನಮ್ಮ ಅಡ್ಡಹೆಸರುಗಳ ಹಾಗೆ. ನಮ್ಮ ಕರ್ನಾಟಕದ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರೈಸಿದ ಮೊದಲ ಭಾರತೀಯರಾದರು. ಅದೇ ವರ್ಷದ ಮಾರ್ಚಿನಲ್ಲಿ ಚಿಲಿಯ ಉತ್ತರದ ಮರುಭೂಮಿಗೆ ಭಾರಿ ನೆರೆ ಬಂತು. ಮನೆಮಠ ಕಟ್ಟಿಸುವುದೇ ಮೊದಲ ಕೆಲಸವೆಂದು ಅಲ್ಲಿನ ಸರ್ಕಾರ ಮುಂದಿನ ರ‍್ಯಾಲಿಯ ಆತಿಥ್ಯವನ್ನು ಕೈಬಿಟ್ಟಿತು. 2009ರಲ್ಲಿ ಭೀಮಾ, ಕೃಷ್ಣೆಯರ ನೆರೆ ಕಂಡ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ನಾನು ರ‍್ಯಾಲಿಯ ವಿರೋಧಿಯಲ್ಲ. ನಾಲ್ಕು ದಿನ ಖಾನಾವಳಿಗಳು ತುಂಬುತ್ತವೆ, ಗ್ಯಾರೇಜಿನ ಹುಡುಗರು ದೊಡ್ಡ ತಂಡಗಳ ಕೈಚಳಕ ಕಾಣುತ್ತಾರೆ, ಮಕ್ಕಳ ಕಣ್ಣು ಅರಳುತ್ತವೆ. ಯಾರಾದರೂ ಕೇಳಿಕೊಂಡು ಬಂದರೆ ಗ್ರಾಮಸಭೆ ಕೂಡಲಿ. ಓಟ ಮುಗಿದ ಮೇಲೆ ಕಿತ್ತುಹೋದ ದಾರಿಯನ್ನು ಸರಿಮಾಡುವವರು ಯಾರು, ದಾರಿ ಮುಚ್ಚಿದ ದಿನ ಹೆರಿಗೆಗೆ ಯಾದಗಿರಿಗೆ ಹೋಗಬೇಕಾದ ಹೆಣ್ಣುಮಗಳು ಯಾವ ಕಡೆಯಿಂದ ಹೋಗಬೇಕು ಎಂದು ಅಲ್ಲಿ ಯಾರಾದರೊಬ್ಬರು ಎದ್ದು ಕೇಳಲಿ.