ಒಂದು ಶೇಂಗಾ ಎಲೆಯ ಒಳಮನೆ

ಆಗಸ್ಟ್ ಕೊನೆಯ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ವೈ.ಎನ್.ಹೊಸಕೋಟೆಯ ಹೊರಗೆ, ಕಲ್ಯಾಣದುರ್ಗದ ಕಡೆಯ ಕೆಂಪು ಹೊಲವೊಂದರಲ್ಲಿ ನೀವು ಕುಕ್ಕುರುಗಾಲಲ್ಲಿ ಕೂತಿದ್ದೀರಿ. ಮಳೆ ಮುಖ ತಿರುಗಿಸಿ ಎರಡು ವಾರ ದಾಟಿದೆ. ಆದರೂ ಶೇಂಗಾ ಗಿಡ ಹಳದಿ ಹೂ ಬಿಟ್ಟಿದೆ; ಹೂವಿನ ಬುಡದ ಸೂಜಿಗಳು ನೆಲ ಹುಡುಕುತ್ತಿವೆ. ಎಲೆಗಳನ್ನು ನೋಡಿ. ಒಂದೊಂದು ತೊಟ್ಟಿನಲ್ಲಿ ನಾಲ್ಕು ಕಿರುಎಲೆ. ಅವು ಬಿಸಿಲಿಗೆ ಅಂಗೈ ಚಾಚಿಲ್ಲ, ಅಂಚು ತೋರಿಸಿ ನಿಂತಿವೆ. ಮೈ ಕಾಯುವುದು ಕಡಿಮೆಯಾಗಲಿ, ನೀರು ಉಳಿಯಲಿ ಎಂದು ಗಿಡ ಹೂಡಿದ ಉಪಾಯ ಇದು. ಎಲೆಯ ರಂಧ್ರಗಳೂ ಈಗ ಅರ್ಧ ಮುಚ್ಚಿರುತ್ತವೆ. ಹೊರಗಿನಿಂದ ನೋಡುವವರಿಗೆ ಗಿಡ ಸುಮ್ಮನೆ ಕೂತಂತೆ ಕಾಣುತ್ತದೆ. ಒಳಗಿನ ಕತೆಯೇ ಬೇರೆ.

ಒಂದು ಎಲೆ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳಿ. ಊರೊಳಕ್ಕೆ ಬರುತ್ತಿದ್ದಂತೆ ಓಣಿಗಳಲ್ಲಿ ಮಗ್ಗದ ಸದ್ದು. ಈ ಊರಿನ ರೇಷ್ಮೆ ಸೀರೆಗೆ ಹೆಸರಿದೆ. ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಕರೆಂಟ್ ಇಲ್ಲ. ಯಾರೂ ತಲೆ ಕೆಡಿಸಿಕೊಂಡಿಲ್ಲ, ಏಕೆಂದರೆ ಇಲ್ಲಿರುವುದು ಹಳೆಯ ಕಾಲದ, ಕೆಳಗೆ ಕನ್ನಡಿ ಇರುವ ಮೈಕ್ರೋಸ್ಕೋಪ್. ಕಿಟಕಿ ಕಡೆ ಕನ್ನಡಿ ತಿರುಗಿಸಿದರೆ ಆಯಿತು, ಪಾವಗಡ ತಾಲ್ಲೂಕಿನಲ್ಲಿ ಬೆಳಕಿಗೇನು ಬರವೇ!

ಪಿಯುಸಿ ಹುಡುಗಿಯೊಬ್ಬಳು ಕ್ಯಾರೆಟ್ ತುಂಡನ್ನು ಸೀಳಿ, ನಡುವೆ ನಿಮ್ಮ ಎಲೆಯ ಚೂರನ್ನು ಸಿಕ್ಕಿಸಿ, ಬ್ಲೇಡಿನಿಂದ ಸೆಕ್ಷನ್ ಕುಯ್ಯುತ್ತಾಳೆ. ಗೀರು, ಗೀರು, ಗೀರು. ವಾಚ್ ಗ್ಲಾಸಿನ ನೀರಿನಲ್ಲಿ ತೇಲುವ ಚೂರುಗಳಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದದ್ದನ್ನೇ ಕುಂಚದ ತುದಿಯಿಂದ ಎತ್ತಿ ಸ್ಲೈಡಿನ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಗುಳ್ಳೆ ಬರದ ಹಾಗೆ ಕವರ್‌ಸ್ಲಿಪ್ ಓರೆಯಾಗಿ ಇಳಿಸುತ್ತಾಳೆ. ಬಣ್ಣ ಹಾಕುವುದಿಲ್ಲ. ನೋಡಬೇಕಾದ ಹಸಿರು ಎಲೆಯಲ್ಲೇ ಇದೆ.

"ಮೇಡಂ, ಕೆಳಗಡೆ ಹಸಿರೇ ಇಲ್ಲ. ಸೆಕ್ಷನ್ ಕೆಟ್ಟೋಯ್ತಾ?"

"ಕೆಟ್ಟಿಲ್ಲ ಕಣಮ್ಮ. ಅದು ನೀರಿನ ಗೂಡು, ಕಡ್ಲೆಕಾಯಿ ಗಿಡದ್ದು. ಮೇಲಕ್ಕೆ ನೋಡು."

ನೀವೂ ಬಗ್ಗಿ ನೋಡಿ. ಎಲೆಯ ಕೆಳಪದರದ ಮೇಲೆ ದೊಡ್ಡ ದೊಡ್ಡ ಖಾಲಿ ಕೋಣೆಗಳಂಥ ಜೀವಕೋಶಗಳು. ಶೇಂಗಾ ಎಲೆ ನೀರು ಕೂಡಿಡುವ ಜಾಗ. ಅದರ ಮೇಲೆ, ಬಿಸಿಲಿನ ಕಡೆಗೆ, ಉದ್ದುದ್ದ ನಿಂತ ಕೋಶಗಳ ಸಾಲು. 40ರ ಲೆನ್ಸಿಗೆ ತಿರುಗಿಸಿ. ಕಣ್ಣುಗಾಜಿನ 10 ಸೇರಿ 400 ಪಟ್ಟು. ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದಾಗ ಹಸಿರು ಬಟಾಣಿಯಂಥವು ಗೋಡೆಗೆ ಅಂಟಿಕೊಂಡು ಎದ್ದು ನಿಲ್ಲುತ್ತವೆ: ಕ್ಲೋರೋಪ್ಲಾಸ್ಟ್‌ಗಳು. ಒಂದೊಂದೂ ಸುಮಾರು 5 ಮೈಕ್ರಾನ್, ಅಂದರೆ ಮಿಲಿಮೀಟರಿನ ಇನ್ನೂರನೇ ಒಂದು ಪಾಲು. ಅವುಗಳ ನಡುವೆಲ್ಲ ಬಯಲು, ಬರೀ ನೀರಿನಂತೆ ತಿಳಿ. ಪಠ್ಯಪುಸ್ತಕದ ಚಿತ್ರದಲ್ಲಿ ಇರುವ ಉಳಿದ ಕಣದಂಗಗಳು ಎಲ್ಲಿ ಹೋದವು?

ಎಲ್ಲಿಗೂ ಹೋಗಿಲ್ಲ, ಅಲ್ಲೇ ಇವೆ. ಬೆಳಕಿನ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರಿನಷ್ಟು ಹತ್ತಿರವಿರುವ ಎರಡು ಚುಕ್ಕಿಗಳು ಒಂದಾಗಿಯೇ ಕಾಣುತ್ತವೆ, ನಿಜ. ಆದರೆ ಪೆರಾಕ್ಸಿಸೋಮ್ ಎಂಬ ಕಣದಂಗ ಸುಮಾರು ಒಂದು ಮೈಕ್ರಾನ್ ಇರುತ್ತದೆ. ಗಾತ್ರದ ಲೆಕ್ಕದಲ್ಲಿ ಅದು ಕಾಣಬೇಕು. ಕಾಣದಿರುವುದಕ್ಕೆ ಕಾರಣ ಅದಕ್ಕೆ ಬಣ್ಣವಿಲ್ಲದಿರುವುದು. ನೀರಿನೊಳಗಿನ ಗಾಜಿನ ಚೂರನ್ನು ಯಾರು ಗುರುತಿಸಿಯಾರು? ಜೀವಕೋಶ ಎಂದರೆ ಹಸಿರು ಬಟಾಣಿ ತುಂಬಿದ ಚೀಲ ಎಂದು ನಮ್ಮ ತಲೆಯಲ್ಲಿ ಕೂತಿದ್ದರೆ ಅದಕ್ಕೆ ಈ ಲೆನ್ಸೇ ಹೊಣೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಹೊಸಕೋಟೆಯ ಲೆನ್ಸು ಸಾಲದು. ಆ ತಿಳಿ ಬಯಲಿನೊಳಕ್ಕೇ ಇಳಿಯಿರಿ.

ನಿಮ್ಮೆದುರು ಹಸಿರು ಗೋಡೆಯಂತೆ ಕ್ಲೋರೋಪ್ಲಾಸ್ಟ್. ಒಳಗೆ ರುಬಿಸ್ಕೋ ಎಂಬ ಕಿಣ್ವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುತ್ತಿರಬೇಕು. ಆದರೆ ರಂಧ್ರಗಳು ಅರ್ಧ ಮುಚ್ಚಿವೆ, ಹೊರಗಿನ ಗಾಳಿ ಸಾಕಷ್ಟು ಒಳಬರುತ್ತಿಲ್ಲ, ಎಲೆ ಕಾದಿದೆ. ಇಂಥ ಹೊತ್ತಿನಲ್ಲಿ ರುಬಿಸ್ಕೋ ಡೈಆಕ್ಸೈಡಿನ ಬದಲು ಮತ್ತೆ ಮತ್ತೆ ಆಮ್ಲಜನಕವನ್ನೇ ಹಿಡಿಯುತ್ತದೆ. ಹಾಗೆ ಹಿಡಿದಾಗ ಹುಟ್ಟುವ ಗ್ಲೈಕೋಲೇಟ್ ಕ್ಲೋರೋಪ್ಲಾಸ್ಟಿಗೆ ಬೇಡದ ಸರಕು. ಹೊರಗೆ ಹಾಕಬೇಕು, ಆದರೆ ಬಿಸಾಡಿದರೆ ಕಷ್ಟಪಟ್ಟು ಹಿಡಿದ ಇಂಗಾಲವೂ ಹೋದಂತೆ.

ಬಲಗಡೆ ನೋಡಿ. ಕ್ಲೋರೋಪ್ಲಾಸ್ಟಿನ ಪಕ್ಕೆಗೆ ಒತ್ತಿಕೊಂಡು, ಆ ಒತ್ತಿಗೆ ಚಪ್ಪಟೆಯಾಗಿ ಕೂತಿರುವುದೇ ಪೆರಾಕ್ಸಿಸೋಮ್. ಗ್ಲೈಕೋಲೇಟ್ ಅದರೊಳಕ್ಕೆ ಹೋಗುತ್ತದೆ. ಅಲ್ಲಿ ಅದು ಬದಲಾಗುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಗಾಯ ತೊಳೆಯಲು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಅದೇ ದ್ರವ. ಬಯಲಿಗೆ ಸೋರಿದರೆ ಕೋಶ ಕೆಡುತ್ತದೆ. ಪೆರಾಕ್ಸಿಸೋಮಿನಲ್ಲಿ ಒತ್ತೊತ್ತಾಗಿ ತುಂಬಿರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಹುಟ್ಟಿದ ಜಾಗದಲ್ಲೇ ನೀರು, ಆಮ್ಲಜನಕವಾಗಿ ಒಡೆದುಹಾಕುತ್ತದೆ. ಉಳಿದದ್ದು ಗ್ಲೈಸಿನ್ ಆಗಿ ಎಡಗಡೆಯ ಮೈಟೊಕಾಂಡ್ರಿಯಕ್ಕೆ. ಅಲ್ಲಿ ಎರಡು ಗ್ಲೈಸಿನ್ ಸೇರಿ ಒಂದು ಸೆರಿನ್. ಒಂದು ಇಂಗಾಲ ಡೈಆಕ್ಸೈಡಾಗಿ ಕೈಬಿಟ್ಟುಹೋಗುತ್ತದೆ, ಜೊತೆಗೆ ಅಮೋನಿಯಾ. ಸೆರಿನ್ ಮತ್ತೆ ಪೆರಾಕ್ಸಿಸೋಮಿಗೆ, ಅಲ್ಲಿಂದ ಗ್ಲಿಸರೇಟ್ ಆಗಿ ಮರಳಿ ಕ್ಲೋರೋಪ್ಲಾಸ್ಟಿಗೆ. ಮನೆಗೆ ಮೋಲ್ಡಿಂಗ್ ಹಾಕುವ ದಿನ ಬಾಣಲಿ ಕೈಯಿಂದ ಕೈಗೆ ಹೋಗುವ ಹಾಗೆ. ಸಾಲಿನಲ್ಲಿ ಒಬ್ಬ ದೂರ ನಿಂತರೂ ಕೆಲಸ ಕೆಟ್ಟಿತು. ನಾಲ್ಕು ಇಂಗಾಲ ಹೊರಟರೆ ಮೂರು ಮನೆಗೆ ಬರುತ್ತವೆ.

ಈ ಮೂವರು ಮೈಗೆ ಮೈ ತಾಗಿಸಿ ನಿಂತಿರುವುದನ್ನು ಮೊದಲು ಕಣ್ಣಾರೆ ಕಂಡು ಅರ್ಥ ಹಚ್ಚಿದ್ದು 1960ರ ದಶಕದ ಕೊನೆಯಲ್ಲಿ. ಎಲೆಯ ಪೆರಾಕ್ಸಿಸೋಮ್ ಮಾಡುವ ರಾಸಾಯನಿಕ ಕೆಲಸವನ್ನು ವಿಜ್ಞಾನಿ ಟೋಲ್ಬರ್ಟ್ ಅವರ ತಂಡ 1968ರಲ್ಲಿ ತೋರಿಸಿತ್ತು. ಮರುವರ್ಷ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೂ ಎಲೆನ್ ಫ್ರೆಡರಿಕ್ ಮತ್ತು ಎಲ್ಡನ್ ನ್ಯೂಕಂಬ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹೊಗೆಸೊಪ್ಪಿನಂಥ ಎಲೆಗಳ ಚಿತ್ರ ತೆಗೆದರು. ಕ್ಯಾಟಲೇಸ್ ಇದ್ದ ಕಡೆ ಮಾತ್ರ ಕಪ್ಪಾಗುವ ಬಣ್ಣವನ್ನೂ ಬಳಸಿದರು. ಕ್ಲೋರೋಪ್ಲಾಸ್ಟಿಗೆ ಆತುಕೊಂಡು ಕಪ್ಪು ಪೆರಾಕ್ಸಿಸೋಮ್, ಪಕ್ಕದಲ್ಲೇ ಮೈಟೊಕಾಂಡ್ರಿಯ. ಆದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಎಲೆಯನ್ನು ಕೊಂದು, ರಾಳದಲ್ಲಿ ಹೂತು, ಕುಯ್ದು ಕೊಡಬೇಕು. ಅಂಟಿಕೊಂಡಿದ್ದು ನಿಜವೋ, ಕುಯ್ಯುವ ಗಳಿಗೆಗೆ ಹಾಗೆ ಸಿಕ್ಕಿತೋ ಹೇಗೆ ಹೇಳುವುದು?

ಉತ್ತರ ಬರಲು ಒಂದು ಲೋಳೆಮೀನು ಬೇಕಾಯಿತು. ಅದರ ಮೈಯ ಹಸಿರು ಹೊಳೆಯುವ ಪ್ರೋಟೀನಿನ ಕೆಲಸಕ್ಕೆ 2008ರಲ್ಲಿ ಶಿಮೊಮುರಾ, ಚಾಲ್ಫಿ, ಸಿಯೆನ್ ಮೂವರಿಗೆ ನೊಬೆಲ್ ಸಿಕ್ಕಿತು. ಆ ಪ್ರೋಟೀನಿನ ಬಾಲಕ್ಕೆ ಸೆರಿನ್, ಲೈಸಿನ್, ಲ್ಯೂಸಿನ್ ಎಂಬ ಮೂರೇ ಅಮೈನೋ ಆಮ್ಲ ಸೇರಿಸಿದರೆ ಸಾಕು, ಕೋಶ ಅದನ್ನು ನೇರ ಪೆರಾಕ್ಸಿಸೋಮಿಗೆ ಒಯ್ದು ತುಂಬುತ್ತದೆ. ಆಗ ಬದುಕಿರುವ ಎಲೆಯಲ್ಲೇ, ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಕತ್ತಲೆ ಕೋಣೆಯಲ್ಲಿ, ಕೆಂಪಾಗಿ ಹೊಳೆಯುವ ಕ್ಲೋರೋಪ್ಲಾಸ್ಟ್‌ಗಳ ನಡುವೆ ಹಸಿರು ಚುಕ್ಕಿಗಳು ಓಡಾಡುತ್ತವೆ. ಕೋಶದೊಳಗಿನ ಆಕ್ಟಿನ್ ಎಂಬ ಎಳೆಗಳ ಮೇಲೆ ಸರಸರ ಹೋಗುವ ಚುಕ್ಕಿ ಕ್ಲೋರೋಪ್ಲಾಸ್ಟ್ ಸಿಕ್ಕಾಗ ನಿಂತುಬಿಡುತ್ತದೆ.

ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ? 2015ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನೂ ಅಳೆದರು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಕೋಶದೊಳಗೆ ಫೆಮ್ಟೊಸೆಕೆಂಡ್ ಲೇಸರಿನ ಪೆಟ್ಟು ಕೊಟ್ಟು ಪೆರಾಕ್ಸಿಸೋಮನ್ನು ಕ್ಲೋರೋಪ್ಲಾಸ್ಟಿನಿಂದ ಕಿತ್ತು ನೋಡಿದರು. ಕತ್ತಲಲ್ಲಿಟ್ಟ ಎಲೆಯಲ್ಲಿ ಸುಲಭವಾಗಿ ಕಳಚಿತು. ಬೆಳಕಿನಲ್ಲಿದ್ದ ಎಲೆಯಲ್ಲಿ ದುಂಡಗಿದ್ದ ಪೆರಾಕ್ಸಿಸೋಮ್ ಅಗಲವಾಗಿ ಹರಡಿ ಬಿಗಿಯಾಗಿ ಅಂಟಿತ್ತು. ಅಂದರೆ ಕೆಲಸ ಹೆಚ್ಚಿದಾಗಲೇ ನಂಟೂ ಬಿಗಿ. ಈ ಮೂರು ಕಣದಂಗಗಳನ್ನೂ ಬೇರೆ ಬೇರೆ ಚಿತ್ರವಾಗಿ ಬರೆಸಿ, ಬೇರೆ ಬೇರೆ ಐದು ಅಂಕದ ಪ್ರಶ್ನೆಯಾಗಿ ಕೇಳುವ ನಮ್ಮ ಪರೀಕ್ಷೆಗೆ ಈ ನಂಟು ಎಲ್ಲೂ ಸಿಗುವುದಿಲ್ಲ.

ಗ್ಲೈಕೋಲೇಟಿನ ಈ ಸುತ್ತುದಾರಿ ದುಬಾರಿ ಎಂಬ ತಕರಾರೂ ಇದೆ. 2019ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಸಂಶೋಧಕರು ಗ್ಲೈಕೋಲೇಟನ್ನು ಕ್ಲೋರೋಪ್ಲಾಸ್ಟಿನೊಳಗೇ ಮುಗಿಸುವ ಅಡ್ಡದಾರಿಯನ್ನು ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿದರು. ಹೊಲದಲ್ಲಿ ಗಿಡದ ತೂಕ ಸುಮಾರು 40 ಪ್ರತಿಶತ ಹೆಚ್ಚಿತು. ಪಾವಗಡದ ರಾಗಿ, ಸಜ್ಜೆಗಳಿಗೆ ಗ್ಲೈಕೋಲೇಟಿನ ಗೊಡವೆಯೇ ಕಡಿಮೆ. ಅವು ಡೈಆಕ್ಸೈಡನ್ನು ಮೊದಲೇ ಒಟ್ಟುಮಾಡಿ ರುಬಿಸ್ಕೋ ಇರುವ ಒಳಕೋಶಕ್ಕೆ ತಳ್ಳುತ್ತವೆ. ಶೇಂಗಾ, ತೊಗರಿಗೆ ಆ ಏರ್ಪಾಡಿಲ್ಲ.

ಲ್ಯಾಬಿಗೆ ಹಿಂತಿರುಗಿ. ಕರೆಂಟ್ ಇನ್ನೂ ಬಂದಿಲ್ಲ. ಹುಡುಗಿ ಈಗ ಮೊಳಕೆ ಬಂದ ಶೇಂಗಾ ಬೀಜ ಕುಯ್ಯುತ್ತಿದ್ದಾಳೆ. ಸುಡಾನ್ ಬಣ್ಣದ ಒಂದು ಹನಿ ಬಿದ್ದಿದೆ. ಕೋಶದ ತುಂಬ ಕಿತ್ತಳೆಗೆಂಪು ಮಣಿಗಳು, ಎಲ್ಲ ಎಣ್ಣೆ.

"ಇದರೊಳಗೂ ಆ ಪೆರಾಕ್ಸಿಸೋಮ್ ಇದೆಯಾ ಮೇಡಂ? ಇಲ್ಲಿ ಹಸಿರೇ ಇಲ್ಲವಲ್ಲ."

"ಇದೆ. ಇಲ್ಲಿ ಅದು ಎಣ್ಣೆ ಹನಿಗೆ ಅಂಟಿರುತ್ತೆ, ಎಣ್ಣೆಯನ್ನ ಸಕ್ಕರೆ ಮಾಡೋ ದಾರಿಗೆ ಹಚ್ಚುತ್ತೆ. ಸೌತೆ, ಕುಂಬಳದ ಬೀಜದೆಲೆ ಬೆಳಕಿಗೆ ಬಂದು ಹಸಿರಾಗ್ತಿದ್ದ ಹಾಗೆ ಅದೇ ಕಣ ಒಳಗಿನ ಕಿಣ್ವ ಬದಲಾಯಿಸಿಕೊಂಡು ಕ್ಲೋರೋಪ್ಲಾಸ್ಟ್ ಕೆಲಸಕ್ಕೆ ಸೇರುತ್ತೆ. ಇನ್ನೆರಡು ಬೀಜ ಬಿಸಿಲಿಗಿಡು, ಸೋಮವಾರ ಕುಯ್ದು ನೋಡೋಣ."