ಮಾಕಳಿದುರ್ಗದ ಚಿಟ್ಟೆಸಂತೆ

ಬೆಂಗಳೂರಿನಿಂದ ಹಿಂದೂಪುರದತ್ತ ಸಾಗುವ ರೈಲು ದೊಡ್ಡಬಳ್ಳಾಪುರವನ್ನು ದಾಟಿತೆಂದರೆ ಬಯಲು ಮುಗಿದು ಬಂಡೆಗಳ ರಾಜ್ಯ ಮೊದಲಾಗುತ್ತದೆ. ಅಲ್ಲಿ, ನೆತ್ತಿಯ ಮೇಲೆ ಹಾಳುಕೋಟೆಯನ್ನು ಹೊತ್ತು ನಿಂತಿದೆ ಮಾಕಳಿದುರ್ಗ. ಮಳೆಗಾಲ ಕಳೆದ ಮೇಲೆ ಬೆಟ್ಟ ಹತ್ತುವವರನ್ನು ಮೊದಲು ಎದುರುಗೊಳ್ಳುವುದು ಕೋಟೆಯ ಬಾಗಿಲಲ್ಲ, ಚಿಟ್ಟೆಗಳ ಸಂತೆ. ಆ ಸಂತೆ ನೆರೆಯುವುದು ಲಂಟಾನದ ಪೊದೆಗಳ ಮೇಲೆ.

ಹೂವೇನೋ ಬಲು ಚೆಲುವು. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿಗೆ ಕೆಂಪು ಇಲ್ಲವೆ ಗುಲಾಬಿ. ಇದು ಬರಿಯ ಅಲಂಕಾರವಲ್ಲ. ಹೊಸದಾಗಿ ಅರಳಿದ ಹೂ ಹಳದಿ, ಮಕರಂದವಿರುವುದು ಅದರಲ್ಲಿ. ಪರಾಗಸ್ಪರ್ಶವಾದ ಬಳಿಕ ಬಣ್ಣ ತಿರುಗುತ್ತದೆ. ಈ ಸಂಜ್ಞೆಯನ್ನು ಬಲ್ಲ ಚಿಟ್ಟೆ ಹಳದಿಯನ್ನೇ ಆರಿಸಿ ಕೂರುತ್ತದೆ.

ಗಿಡ ಮಾತ್ರ ನಮ್ಮ ನಾಡಿನದಲ್ಲ. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಯೂರೋಪಿನ ತೋಟಗಾರರು ಬಗೆಬಗೆಯ ಲಂಟಾನಗಳನ್ನು ಕೂಡಿಸಿ ಮಿಶ್ರತಳಿಗಳನ್ನು ಬೆಳೆಸಿದರು. 19ನೆಯ ಶತಮಾನದ ಆರಂಭದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದು, ಬೇಲಿ ದಾಟಿತು. ಅದರ ಕರಿಯ ಹಣ್ಣನ್ನು ಪಿಕಳಾರಗಳು ತಿಂದು ಬೀಜವನ್ನು ಹರಡಿದವು. ಎಲೆ ನಂಜಾದುದರಿಂದ ದನಗಳು ಮುಟ್ಟಲಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರಿತು. 1921ರಲ್ಲಿ ಹವಾಯಿ ದ್ವೀಪದಿಂದ ಇದರ ಶತ್ರುವಾದ ಪುಟ್ಟ ನೊಣವನ್ನು ಭಾರತಕ್ಕೆ ತರಿಸಿದರು, ಗಿಡ ಜಗ್ಗಲಿಲ್ಲ.

ಚಿಟ್ಟೆಗೆ ಇಷ್ಟು ಪ್ರಿಯವಾದುದನ್ನು ದೂರುವುದೇಕೆ ಎಂದು ಕೇಳಬಹುದು. ಆದರೆ ಚಿಟ್ಟೆಗೆ ಹಬ್ಬದೂಟದ ಮನೆ ಒಂದು, ಬಾಣಂತನದ ಮನೆ ಇನ್ನೊಂದು. ಲಂಟಾನದಲ್ಲಿ ಉಂಡ ಚಿಟ್ಟೆಗಳು ಅದರ ಎಲೆಯ ಮೇಲೆ ಮೊಟ್ಟೆಯಿಡುವುದಿಲ್ಲ. ಕಿತ್ತಳೆ ರೆಕ್ಕೆಯ ಹುಲಿಚಿಟ್ಟೆಯ ಮರಿಹುಳುವಿಗೆ ಎಕ್ಕದ ಎಲೆ ಬೇಕು. ನಿಂಬೆಹಳದಿಯ ಚಿಟ್ಟೆಗೆ ಕಕ್ಕೆಯ ಚಿಗುರು ಬೇಕು. ಇಂಥ ನಾಡಗಿಡಗಳ ಸಸಿಗಳು ಲಂಟಾನದ ನೆರಳಿನಲ್ಲಿ ಏಳಲಾರವು. ಊಟದ ಎಲೆ ಹಾಸುತ್ತಲೇ ಅದು ತೊಟ್ಟಿಲನ್ನು ಕಸಿಯುತ್ತದೆ.

ಇಂಗ್ಲೆಂಡಿನವರು ಚಿಟ್ಟೆಗಳಿಗೆಂದೇ ನೆಡುವ ಬಡ್ಲಿಯಾ ಪೊದೆಯ ಕಥೆಯೂ ಇಂಥದೇ. ಚೀನಾದಿಂದ ತೋಟಕ್ಕೆ ಬಂದದ್ದು ರೈಲುದಾರಿಯ ಬದಿಗಳಿಗೆಲ್ಲ ಹಬ್ಬಿತು. ಅದರಿಂದಲೂ ಚಿಟ್ಟೆಗಳಿಗೆ ದೊರೆಯುವುದು ಮುಖ್ಯವಾಗಿ ಮಕರಂದವೇ.

ಸಸ್ಯಮಾರಾಟದ ತೋಟಗಳಲ್ಲಿ ಲಂಟಾನದ ಬಣ್ಣಬಣ್ಣದ ತಳಿಗಳು ಇಂದಿಗೂ ದೊರೆಯುತ್ತವೆ. ಮನೆಯಂಗಳಕ್ಕೆ ಚಿಟ್ಟೆ ಬರಲಿ ಎಂಬ ಆಸೆಯಿದ್ದರೆ ಅದನ್ನು ಕೊಳ್ಳುವ ಮೊದಲು ಒಂದು ಕರಿಬೇವನ್ನೋ ನಿಂಬೆಯನ್ನೋ ನೆಡಿರಿ. ಹುಳು ನಾಲ್ಕು ಎಲೆ ತಿಂದರೆ ತಿನ್ನಲಿ. ಒಗ್ಗರಣೆಗೆ ಕೊರತೆಯಾಗದು, ಕೆಲವೇ ವಾರಗಳಲ್ಲಿ ಆ ಹುಳುವಿಗೆ ರೆಕ್ಕೆ ಮೂಡುವುದು.